ಮಂಜನ್ನೂ ದೂಳೆಂದು ಓದುವ ಸೆನ್ಸರ್

ಡಿಸೆಂಬರ್ ತಿಂಗಳಲ್ಲಿ ಬೆಳಿಗ್ಗೆ ಏಳಕ್ಕೇ ಫೋನ್ ಬಂದರೆ ವಿಷಯ ಹೆಚ್ಚುಕಮ್ಮಿ ಒಂದೇ. ‘ಸರ್, ರಾತ್ರಿ ಮಲಗುವಾಗ ದೂಳಿನ ಅಂಕಿ 40 ಇತ್ತು, ಈಗ 160 ತೋರಿಸ್ತಿದೆ. ಬಾಲ್ಕನಿ ಬಾಗಿಲು ಹಾಕಿಬಿಡ್ಲಾ?’ ಹೊರಗೆ ಮಂಜು ಇದೆಯಾ ಅಂತ ನಾನು ಮೊದಲು ಕೇಳುತ್ತೇನೆ. ಇದ್ದೇ ಇರುತ್ತದೆ.

ಬೆಂಗಳೂರಿನ ಮನೆಗಳಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ದೂಳಿನ ಸೆನ್ಸರ್ ಜೋಡಿಸಿಕೊಡುವುದು ನನ್ನ ಕೆಲಸದ ಒಂದು ಭಾಗ. ಜೋಡಣೆ ಕಷ್ಟದ್ದಲ್ಲ. ಅದರ ಪೈ ಝೀರೋ 2 ಡಬ್ಲ್ಯೂ ಎಂಬ ಮಾದರಿ ಧಾರಾಳವಾಗಿ ಸಾಕು. ಎಸ್‌ಡಿಎಸ್011 ಎಂಬ ದೂಳಿನ ಸೆನ್ಸರನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಚುಚ್ಚಿದರೆ ಸೆಕೆಂಡಿಗೊಮ್ಮೆ ಪಿಎಂ 2.5 (2.5 ಮೈಕ್ರಾನಿನೊಳಗಿನ ಸಣ್ಣ ಕಣಗಳು), ಪಿಎಂ 10 (10 ಮೈಕ್ರಾನಿನೊಳಗಿನವು) ಎರಡೂ ಅಂಕಿ ಬರುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೂವತ್ತು ಸಾಲು ಬರೆದರೆ ಅವು ಡೇಟಾಬೇಸಿಗೆ ಸೇರುತ್ತವೆ. ಅಗ್ಗಕ್ಕೆ ಸಿಗುತ್ತದೆಂದು ಎಂಕ್ಯೂ-135 ತರಬೇಡಿ. ಅದು ಹಲವು ಅನಿಲಗಳಿಗೆ ಒಟ್ಟಾಗಿ ಸ್ಪಂದಿಸುವ ಭಾಗ, ದೂಳನ್ನು ಅಳೆಯುವುದೇ ಇಲ್ಲ.

ಎಸ್‌ಡಿಎಸ್011ರ ಲೇಸರಿಗೆ ತಯಾರಕರು ಹೇಳುವ ಆಯುಷ್ಯ ಸುಮಾರು 8000 ಗಂಟೆ. ಹಗಲೂ ರಾತ್ರಿ ಓಡಿಸಿದರೆ ವರ್ಷ ತುಂಬುವುದಿಲ್ಲ. ಹಾಗಾಗಿ ಐದು ನಿಮಿಷಕ್ಕೊಮ್ಮೆ ಎಬ್ಬಿಸಿ, ಅರ್ಧ ನಿಮಿಷ ಫ್ಯಾನ್ ತಿರುಗಲು ಬಿಟ್ಟು, ಆಮೇಲೆ ಓದಿ ಮತ್ತೆ ಮಲಗಿಸುತ್ತೇನೆ. ಕರೆಂಟ್ ಪದೇ ಪದೇ ಹೋಗುವ ಬಡಾವಣೆಯಾದರೆ ಮೆಮೊರಿ ಕಾರ್ಡ್ ಕೆಡುತ್ತದೆ, ಒಂದು ಸಣ್ಣ ಯುಪಿಎಸ್ ಹಾಕಿಸಿಕೊಳ್ಳಿ.

ಇನ್ನು ಮಂಜಿನ ವಿಷಯ. ಈ ಸೆನ್ಸರ್ ದೂಳನ್ನು ತೂಗುವುದಿಲ್ಲ. ಒಳಗೆಳೆದ ಗಾಳಿಯ ಮೇಲೆ ಲೇಸರ್ ಬೆಳಕು ಬಿಟ್ಟು, ಕಣಗಳಿಂದ ಚದುರಿದ ಬೆಳಕನ್ನು ನೋಡಿ ತೂಕವನ್ನು ಅಂದಾಜು ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ. ಮಂಜಿನ ಹನಿಯೂ ಬೆಳಕನ್ನು ಚದುರಿಸುತ್ತದೆ. ಸೆನ್ಸರಿಗೆ ಎಲ್ಲವೂ ದೂಳೇ. ಆರ್ದ್ರತೆ 70 ಶೇಕಡ ಮೀರಬಾರದು ಎಂದು ಅದರ ತಾಂತ್ರಿಕ ಹಾಳೆಯಲ್ಲೇ ಇದೆ, ನಮ್ಮ ಚಳಿಗಾಲದ ನಸುಕು ಈ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರಗಳಲ್ಲಿ ಬಳಸುವ ಬೀಟಾ ಕಿರಣದ ಯಂತ್ರಗಳು ಒಳಬರುವ ಗಾಳಿಯನ್ನು ಬಿಸಿ ಮಾಡಿ ತೇವ ಇಳಿಸಿಕೊಂಡು, ಟೇಪಿನ ಮೇಲೆ ಕೂತ ದೂಳನ್ನು ಅಳೆಯುತ್ತವೆ. ನಮ್ಮ ಡಬ್ಬಿಯಲ್ಲಿ ಆ ಅನುಕೂಲವಿಲ್ಲ.

ಹಾಗಂತ ಚಳಿಗಾಲದ ಬೆಳಗಿನ ಅಂಕಿಯನ್ನೆಲ್ಲ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಆ ಹೊತ್ತಲ್ಲಿ ನೆಲದ ಹತ್ತಿರದ ತಂಪು ಗಾಳಿ ಮೇಲೇಳುವುದಿಲ್ಲ. ರಸ್ತೆ ಬದಿ ಒಣ ಎಲೆ, ಕಸಕ್ಕೆ ಬೆಂಕಿ ಹಚ್ಚುವವರೂ ಆಗಲೇ ಹಚ್ಚುತ್ತಾರೆ. ಹೊಗೆ ಅಲ್ಲೇ ನಿಲ್ಲುತ್ತದೆ. ಅದಕ್ಕೇ ನಾನು ಬಿಎಂಇ280 ಎಂಬ ಆರ್ದ್ರತೆಯ ಸೆನ್ಸರ್ ಇಲ್ಲದೆ ಯಾವ ಮನೆಗೂ ಜೋಡಿಸುವುದಿಲ್ಲ. ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಬಿಸಿಲೇರಿ ಆರ್ದ್ರತೆ 60ಕ್ಕೆ ಬಂದಾಗ ದೂಳಿನ ಅಂಕಿಯೂ ಜೊತೆಗೇ ಇಳಿದಿದ್ದರೆ ಅದರಲ್ಲಿ ತೇವದ ಪಾಲು ದೊಡ್ಡದಿರಬಹುದು. ಇಳಿಯದೆ 100ರಲ್ಲೇ ನಿಂತಿದ್ದರೆ ಅದು ದೂಳೇ, ಬಾಗಿಲು ಹಾಕಿಕೊಳ್ಳಿ. ಹೆಬ್ಬಾಳ, ಜಯನಗರ, ಪೀಣ್ಯದಂಥ ಕಡೆ ಇರುವ ಸರ್ಕಾರಿ ಕೇಂದ್ರಗಳಲ್ಲಿ ನಿಮಗೆ ಹತ್ತಿರದ್ದರ ದಿನದ ಸರಾಸರಿಯೊಂದಿಗೂ ಒಂದೆರಡು ವಾರ ಹೋಲಿಸಿ. ಅಂಕಿ ಅದೇ ಬರಬೇಕೆಂದಿಲ್ಲ, ಏರಿಳಿತ ಹೊಂದಬೇಕು.

ದಿನದ ಸರಾಸರಿ ಎಂದು ಒತ್ತಿ ಹೇಳುತ್ತಿದ್ದೇನೆ. ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಎರಡೂ 24 ಗಂಟೆಯ ಲೆಕ್ಕ. ಒಣಮೆಣಸಿನಕಾಯಿ ಒಗ್ಗರಣೆ ಬಿದ್ದ ಕ್ಷಣದ ಅಂಕಿಯನ್ನು ಇವುಗಳ ಪಕ್ಕ ಇಟ್ಟು ಗಾಬರಿಯಾಗಬೇಡಿ. ಎಷ್ಟು ಏರಿತು ಅನ್ನುವುದಕ್ಕಿಂತ ಎಷ್ಟು ಹೊತ್ತು ಇಳಿಯಲಿಲ್ಲ ಅನ್ನುವುದನ್ನು ನೋಡಿ.

ಒಂದು ಮನೆಯ ಅಜ್ಜಿಗೆ ರಾತ್ರಿಯಿಡೀ ಕೆಮ್ಮು. ಮುಂದಿನ ರಸ್ತೆಯ ದೂಳೇ ಕಾರಣ ಎಂದು ಮನೆಯವರು ಕಿಟಕಿಗಳನ್ನು ಭದ್ರವಾಗಿ ಮುಚ್ಚುತ್ತಿದ್ದರು. ಸೆನ್ಸರನ್ನು ಅವರ ಮಲಗುವ ಕೋಣೆಯಲ್ಲಿ, ಮಂಚದ ಎತ್ತರಕ್ಕೆ ಇಟ್ಟೆ. ಗೆರೆ ರಾತ್ರಿ ಒಂಬತ್ತಕ್ಕೆ ಏರಿ ಬೆಳಗಿನವರೆಗೂ ಇಳಿಯುತ್ತಲೇ ಇರಲಿಲ್ಲ. ಒಂಬತ್ತಕ್ಕೆ ಏನು ಮಾಡ್ತೀರಿ ಅಂದರೆ, ‘ಸೊಳ್ಳೆಬತ್ತಿ ಹಚ್ತೀವಿ’ ಅಂದರು ಸೊಸೆ. ಮುಚ್ಚಿದ ಕಿಟಕಿ ಹೊಗೆಯನ್ನು ಒಳಗೇ ಹಿಡಿದಿಟ್ಟಿತ್ತು. ಸೊಳ್ಳೆ ಪರದೆ ಕಟ್ಟಿದ ರಾತ್ರಿ ಒಂಬತ್ತರ ಏರಿಕೆಯೇ ಇರಲಿಲ್ಲ.

ಈ ಡಬ್ಬಿಗೆ ಕಾಣುವುದು ಕಣಗಳು ಮಾತ್ರ. ಗ್ಯಾಸ್ ಗೀಸರಿನಿಂದ ಬರಬಹುದಾದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುವಷ್ಟಿದ್ದರೂ ಪರದೆಯ ಮೇಲೆ 10 ಎಂದೇ ತೋರಿಸಬಹುದು. ಗೀಸರನ್ನು ಬಚ್ಚಲಿನಿಂದ ಆಚೆ, ಗಾಳಿಯಾಡುವ ಕಡೆ ಇಡಿಸಿ. ಕಾರ್ಬನ್ ಮಾನಾಕ್ಸೈಡಿಗೆಂದೇ ಮಾಡಿದ ಅಲಾರಂ ಬೇರೆ ಸಿಗುತ್ತದೆ, ಅದನ್ನು ಇವತ್ತೇ ತನ್ನಿ.