ಕೊಳೆಯನ್ನು ತಾಳಿಕೊಳ್ಳುವ ಚೌಕ: ಕ್ಯೂಆರ್ ಕೋಡ್ ನಡೆದು ಬಂದ ದಾರಿ

ಚಹಾದಂಗಡಿಯ ಗಲ್ಲಾದ ಪಕ್ಕ ಅಂಟಿಸಿದ ಕ್ಯೂಆರ್ ಕೋಡ್ ಚೀಟಿಗೆ ಎಣ್ಣೆಯ ಕಲೆ ಹತ್ತಿರುತ್ತದೆ, ಒಂದು ಅಂಚು ಸವೆದಿರುತ್ತದೆ. ಆದರೂ ಮೊಬೈಲ್ ಹಿಡಿದ ಕೂಡಲೇ ಅಂಗಡಿಯವರ ಹೆಸರು ಪರದೆಯ ಮೇಲೆ ಮೂಡುತ್ತದೆ. ಕೊಳೆಯನ್ನು ತಾಳಿಕೊಳ್ಳುವ ಈ ಗುಣ ಅದಕ್ಕೆ ಹುಟ್ಟಿದ ಜಾಗದಿಂದ, ಅಂದರೆ ಜಪಾನಿನ ವಾಹನ ಬಿಡಿಭಾಗಗಳ ಕಾರ್ಖಾನೆಯಿಂದ ಬಂದದ್ದು.

1990ರ ದಶಕದ ಆರಂಭದಲ್ಲಿ ಟೊಯೋಟಾ ಸಮೂಹದ ಡೆನ್ಸೊ ಕಂಪನಿಯಲ್ಲಿ ಬಿಡಿಭಾಗಗಳ ಲೆಕ್ಕವಿಡಲು ಬಾರ್‌ಕೋಡ್ ಬಳಸುತ್ತಿದ್ದರು. ಅದರಲ್ಲಿ ಸುಮಾರು 20 ಅಕ್ಷರಗಳಷ್ಟೇ ಹಿಡಿಯುತ್ತಿದ್ದುದರಿಂದ ಒಂದೇ ಪೆಟ್ಟಿಗೆಗೆ ಹಲವು ಬಾರ್‌ಕೋಡ್ ಅಂಟಿಸಿ, ಕಾರ್ಮಿಕರು ಒಂದೊಂದನ್ನೇ ಯಂತ್ರಕ್ಕೆ ಓದಿಸಬೇಕಾಗಿತ್ತು. ಈ ತೊಂದರೆಯನ್ನು ನೀಗಿಸಲು ಎಂಜಿನಿಯರ್ ಮಸಾಹಿರೊ ಹರಾ ಮತ್ತು ಅವರ ಸಂಗಡಿಗರು ಅಡ್ಡಕ್ಕೂ ಉದ್ದಕ್ಕೂ ಮಾಹಿತಿ ತುಂಬುವ ಸಂಕೇತವನ್ನು 1994ರಲ್ಲಿ ಸಿದ್ಧಪಡಿಸಿದರು. ಕಪ್ಪು ಬಿಳಿ ಕಾಯಿಗಳ ‘ಗೋ’ ಆಟದ ಮಣೆಯಿಂದ ಹರಾ ಅವರಿಗೆ ಇದು ಹೊಳೆಯಿತು.

ಮಾಹಿತಿ ತುಂಬುವುದಕ್ಕಿಂತ ಕಷ್ಟವಾದದ್ದು, ಬೇರೆ ಬರಹ ಚಿತ್ರಗಳ ನಡುವೆ ಕೋಡ್ ಎಲ್ಲಿದೆಯೆಂದು ಯಂತ್ರಕ್ಕೆ ತೋರಿಸಿಕೊಡುವುದು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಇರುವುದೇ ಅದಕ್ಕೆ. ಪ್ರತಿ ಚೌಕದ ನಟ್ಟನಡುವೆ ಹಾದುಹೋಗುವಂತೆ ಯಾವ ದಿಕ್ಕಿನಿಂದ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಪಟ್ಟಿಗಳು 1:1:3:1:1ರ ಪ್ರಮಾಣದಲ್ಲಿ ಸಿಗುತ್ತವೆ. ಕರಪತ್ರ, ಪತ್ರಿಕೆ, ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಅಳೆದು ನೋಡಿ, ಮುದ್ರಣದಲ್ಲಿ ತೀರ ವಿರಳವಾಗಿ ಕಾಣುವ ಈ ಪ್ರಮಾಣವನ್ನು ಅವರು ಆರಿಸಿಕೊಂಡರು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಈ ತಾಳ್ಮೆ. ಚೌಕಗಳನ್ನು ಗುರುತಿಸಿದ ಮೊಬೈಲ್, ಚೀಟಿ ಓರೆಯಾಗಿದ್ದರೂ ತಲೆಕೆಳಗಾಗಿದ್ದರೂ ಅದನ್ನು ಲೆಕ್ಕದಲ್ಲಿ ನೇರ ಮಾಡಿಕೊಂಡು, ಕಪ್ಪು ಅಥವಾ ಬಿಳಿಯ ಪ್ರತಿ ಪುಟ್ಟ ಮನೆಯನ್ನೂ ಸೊನ್ನೆ ಅಥವಾ ಒಂದು ಎಂದು ಓದುತ್ತದೆ. ಅತಿ ಚಿಕ್ಕ ಕೋಡಿನಲ್ಲಿ ಒಂದು ಬದಿಗೆ 21 ಮನೆಗಳಿದ್ದರೆ, ಅತಿ ದೊಡ್ಡದರಲ್ಲಿ 177.

ಕಲೆ ಬಿದ್ದರೂ ಓದಲು ಸಾಧ್ಯವಾಗುವುದು 1960ರಲ್ಲಿ ಅಮೆರಿಕದ ರೀಡ್ ಮತ್ತು ಸಾಲೊಮನ್ ರೂಪಿಸಿದ ಗಣಿತದಿಂದ. ಮೂಲ ಮಾಹಿತಿಯ ಜೊತೆಗೆ ಅದನ್ನು ಆಧರಿಸಿ ಲೆಕ್ಕ ಹಾಕಿದ ಹೆಚ್ಚುವರಿ ಸಂಖ್ಯೆಗಳನ್ನೂ ಕೋಡಿನಲ್ಲಿ ಸೇರಿಸಿರುವುದರಿಂದ, ಅಳಿಸಿಹೋದ ಭಾಗವನ್ನು ಉಳಿದದ್ದರಿಂದ ಮರಳಿ ಪಡೆಯಬಹುದು. ಅತ್ಯಧಿಕ ರಕ್ಷಣೆಯ ಕೋಡಿನಲ್ಲಿ ಸುಮಾರು ಶೇ 30ರಷ್ಟು ಹಾನಿಯನ್ನು ಸರಿಪಡಿಸಿಕೊಳ್ಳಬಹುದಾದರೂ, ಮೂಲೆಯ ಚೌಕವೇ ಹರಿದುಹೋದರೆ ಸಾಮಾನ್ಯವಾಗಿ ಓದುವುದು ಕಷ್ಟ.

ಪೇಟೆಂಟ್ ಇದ್ದರೂ ಕಂಪನಿ ಬಳಕೆದಾರರಿಂದ ಶುಲ್ಕ ಕೇಳಲಿಲ್ಲ. 2000ರಲ್ಲಿ ಕೋಡಿಗೆ ಅಂತರರಾಷ್ಟ್ರೀಯ ಮಾನಕದ ಮನ್ನಣೆ ದೊರೆಯಿತು, 2002ರಲ್ಲಿ ಜಪಾನಿನ ಮೊಬೈಲ್‌ಗಳು ಅದನ್ನು ಓದತೊಡಗಿದವು. ಭಾರತದಲ್ಲಿ ಮನೆಮಾತಾದದ್ದು 2016ರಲ್ಲಿ ಯುಪಿಐ ಬಂದ ನಂತರ.

ಅಂಗಡಿಯ ಚೀಟಿಯಲ್ಲಿರುವುದು ಮುಖ್ಯವಾಗಿ ಅಂಗಡಿಯವರ ಯುಪಿಐ ವಿಳಾಸ. ಯಂತ್ರಕ್ಕೆಂದೇ ರೂಪಿಸಿದ ಈ ಬರಹವನ್ನು ಮನುಷ್ಯನ ಕಣ್ಣು ಓದಲಾರದು. ಅಸಲಿ ಚೀಟಿಯ ಮೇಲೆ ಮೋಸಗಾರರು ತಮ್ಮ ಚೀಟಿ ಅಂಟಿಸಿದರೆ ಅಂಗಡಿಯವರಿಗೂ ಗಿರಾಕಿಗೂ ವ್ಯತ್ಯಾಸ ಕಾಣದು. ಹಾಗಾಗಿ ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ ಕೇಳಬೇಕು. ಹಣ ಪಡೆಯುವುದಕ್ಕಂತೂ ಪಿನ್ ಬೇಕಾಗಿಯೇ ಇಲ್ಲ. ಬಂದ ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಈಗ ಅನೇಕ ಅಂಗಡಿಗಳಲ್ಲಿದೆ. ಚೀಟಿ ಬದಲಾಗಿದ್ದರೆ ಗಿರಾಕಿಯ ಹಣ ಹೋಗಿರುತ್ತದೆ, ಪೆಟ್ಟಿಗೆ ಮಾತ್ರ ಸುಮ್ಮನಿರುತ್ತದೆ.