ಧಾರಣೆಯ ಪಟ್ಟಿ ಹೇಳದ ಅರ್ಥಶಾಸ್ತ್ರ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರಲ್ಲಿ ಹಲವರು, ಧಾರಣೆ ಏರಿದ ವಾರವೂ, ಒಣಗಿಸಿ ಸುಲಿದಿಟ್ಟ ಅಡಿಕೆಯನ್ನೆಲ್ಲ ಪೇಟೆಗೆ ಒಯ್ಯುವುದಿಲ್ಲ. ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸತಕ್ಕಿಂತ ಹೆಚ್ಚು ದರ ಸಿಗುತ್ತದೆ ಎಂಬ ಕಾರಣವನ್ನು ಅಂಕಿಗಳಿಂದಲೇ ಊಹಿಸಬಹುದು. ಆದರೆ ಯಾವ ಗೋಣಿ ಮದುವೆಯ ಖರ್ಚಿಗೆ, ಯಾವುದು ಸೊಸೈಟಿ ಸಾಲದ ಕಂತಿಗೆ, ಯಾವುದು ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಿಸಲು ಎಂಬ ಮನೆಯೊಳಗಿನ ಲೆಕ್ಕ ಧಾರಣೆಯ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಹೀಗೆ ಕೇಳುವುದಕ್ಕೆ ಅರ್ಥಶಾಸ್ತ್ರದಲ್ಲಿ ಹಳೆಯ ಪರಂಪರೆಯಿದೆ. ಆಕ್ಸ್‌ಫರ್ಡಿನ ಅರ್ಥಶಾಸ್ತ್ರಜ್ಞರಾದ ಹಾಲ್ ಮತ್ತು ಹಿಚ್ 38 ಉದ್ಯಮಿಗಳನ್ನು ಮಾತನಾಡಿಸಿ 1939ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರಲ್ಲಿ ಹೆಚ್ಚಿನವರು ಸಿದ್ಧಾಂತ ಹೇಳುವ ಸೀಮಾಂತ ವೆಚ್ಚವನ್ನು, ಎಂದರೆ ಇನ್ನೊಂದು ವಸ್ತು ತಯಾರಿಸಲು ತಗಲುವ ಹೆಚ್ಚುವರಿ ವೆಚ್ಚವನ್ನು, ನೋಡದೆ, ಒಟ್ಟು ವೆಚ್ಚದ ಮೇಲೆ ಇಷ್ಟು ಲಾಭ ಎಂದು ಸೇರಿಸಿ ಬೆಲೆ ಕಟ್ಟುತ್ತಿದ್ದರು. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1953ರಲ್ಲಿ ಇಂಥ ವಿಧಾನವನ್ನು ತಳ್ಳಿಹಾಕಿದರು: ದೀರ್ಘಾಯುಷ್ಯದ ಸಿದ್ಧಾಂತವನ್ನು ಪರೀಕ್ಷಿಸಲು ಎಂಬತ್ತು ದಾಟಿದವರನ್ನೇ ಕಾರಣ ಕೇಳಿದಂತೆ ಇದು ಎಂಬುದು ಅವರ ವಾದ.

ಈ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ತನ್ನ ನಡೆಗೆ ತಾನೇ ಕೊಡುವ ಕಾರಣ ಎಷ್ಟೋ ಬಾರಿ ಆಮೇಲೆ ಹೊಂದಿಸಿಕೊಂಡದ್ದಾಗಿರುತ್ತದೆ. ಆದ್ದರಿಂದಲೇ ಒಳ್ಳೆಯ ಸಂಶೋಧಕರು “ಯಾಕೆ” ಎಂಬಲ್ಲಿಗೆ ನಿಲ್ಲಿಸದೆ, ಕಳೆದ ಸಲ ಯಾವಾಗ, ಯಾರಿಗೆ, ಎಷ್ಟು ಮಾರಿದಿರಿ, ಆ ಹಣ ಎಲ್ಲಿಗೆ ಹೋಯಿತು ಎಂದು ವಿಚಾರಿಸುತ್ತಾರೆ, ಲೆಕ್ಕದ ಪುಸ್ತಕವನ್ನು ನೋಡುತ್ತಾರೆ, ಅದೇ ವ್ಯವಹಾರದ ಬಗ್ಗೆ ವ್ಯಾಪಾರಿಯನ್ನೂ ಕೇಳುತ್ತಾರೆ. ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಸಮಾಜಶಾಸ್ತ್ರಕ್ಕೆ ಕೊಟ್ಟ ‘ಗ್ರೌಂಡೆಡ್ ಥಿಯರಿ’ ಹೀಗೆ ಕೇಳಿ ತಿಳಿಯುವುದನ್ನು ಕ್ರಮಬದ್ಧಗೊಳಿಸಿತು: ಸಿದ್ಧಾಂತವನ್ನು ಮೊದಲೇ ಹೊತ್ತು ಹೋಗದೆ, ಸಂದರ್ಶನಗಳನ್ನು ಸಾಲುಸಾಲಾಗಿ ಓದಿ ವರ್ಗೀಕರಿಸಿ, ಹೊಸ ಸಂಗತಿ ಸಿಗುವುದು ನಿಲ್ಲುವವರೆಗೆ ಮುಂದುವರಿಯಬೇಕು. ಮುಖ್ಯಧಾರೆಯ ಹೊರಗಿನ ಅರ್ಥಶಾಸ್ತ್ರಕ್ಕೆ ಈ ವಿಧಾನ ಬೇಕೆಂದು ಬಲವಾಗಿ ವಾದಿಸಿದವರು ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ಚಿಂತನೆಯನ್ನು ಮುಂದುವರಿಸಿದ ಕೇನ್ಸೋತ್ತರ ಪಂಥದ ಫ್ರೆಡರಿಕ್ ಲೀ.

ನಮ್ಮ ಗಡಿನಾಡಿನಲ್ಲಿ ಇದರ ಅಗತ್ಯ ನನಗೆ ಅತಿ ಸ್ಪಷ್ಟವಾಗಿ ಕಾಣುವುದು ಬೀಡಿ ಕಟ್ಟುವ ಹೆಂಗಸರ ವಿಷಯದಲ್ಲಿ. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿ ದಾಖಲೆಯಲ್ಲಿ ಸಿಗುತ್ತದೆ. ಒಲೆಯ ಮೇಲೆ ಅನ್ನ ಬೇಯುತ್ತಿರುವಾಗ ಎಲೆ ಕತ್ತರಿಸಿದ ಹೊತ್ತು ದುಡಿಮೆಯೋ ಮನೆಗೆಲಸವೋ, ಕಳಪೆಯೆಂದು ತಿರಸ್ಕೃತವಾದ ಬೀಡಿಯ ನಷ್ಟ ಯಾರದು ಎಂಬುದು ಸಿಗುವುದಿಲ್ಲ. ಸ್ತ್ರೀವಾದಿ ಅರ್ಥಶಾಸ್ತ್ರಜ್ಞರು ಸಂದರ್ಶನವನ್ನು ಇಷ್ಟು ನೆಚ್ಚಿಕೊಂಡಿರುವುದು ಇದಕ್ಕೇ. ಹೀಗೆ ಬೀಡಿ ಕಟ್ಟುವ ಹೆಂಗಸರು ಎಷ್ಟು ಮಂದಿ ಎಂದು ತಿಳಿಯಲು ಸಮೀಕ್ಷೆಯೇ ಬೇಕು. ಆದರೆ ಆ ಸಮೀಕ್ಷೆಯಲ್ಲಿ ಅನ್ನ ಬೇಯುವ ಹೊತ್ತಿಗೂ ಒಂದು ಕಾಲಂ ಇರಬೇಕೆಂಬುದು ಅವರನ್ನು ಮಾತನಾಡಿಸಿದ ಮೇಲೆಯೇ ಹೊಳೆಯುವಂಥದ್ದು.