ಡೆಕ್ಸಾಮೆಥಸೋನ್: ಯಾರಿಗೆ, ಯಾವಾಗ?

ಕೋವಿಡ್‌ಗೆ ಕೊಡುವ ಡೆಕ್ಸಾಮೆಥಸೋನ್ (ಡೆಕ್ಸಾ) ಎಂಬ ಸ್ಟೀರಾಯ್ಡ್ ಬಗ್ಗೆ, ಕ್ರಿಟಿಕಲ್ ಕೇರ್ (ತೀವ್ರ ನಿಗಾ ಚಿಕಿತ್ಸೆ) ಓದುತ್ತಿರುವ ಗೆಳೆಯರಿಗಾಗಿ ಬರೆದ ಟಿಪ್ಪಣಿ ಇದು. ಪರೀಕ್ಷೆಗಾದರೆ ‘6 ಮಿಲಿಗ್ರಾಂ, ದಿನಕ್ಕೊಮ್ಮೆ, ಹೆಚ್ಚೆಂದರೆ 10 ದಿನ’ ಅಂತ ಬಾಯಿಪಾಠ ಮಾಡಿದರೆ ಸಾಕು. ರೋಗಿಯ ಮಂಚದ ಪಕ್ಕ ನಿಂತಾಗ ಅಷ್ಟು ಸಾಲುವುದಿಲ್ಲ.

2020ರ ಮಾರ್ಚ್ ನೆನಪಿಸಿಕೊಳ್ಳಿ. ಕೋವಿಡ್‌ಗೆ ಸ್ಟೀರಾಯ್ಡ್ ಕೊಡಬೇಕೋ ಬೇಡವೋ ಅಂತ ವೈದ್ಯರಲ್ಲೇ ಒಮ್ಮತ ಇರಲಿಲ್ಲ. ಕೊಟ್ಟರೆ ಶ್ವಾಸಕೋಶದ ಉರಿಯೂತ ತಗ್ಗುತ್ತದೆ ಅಂತ ಕೆಲವರು, ವೈರಸ್ ಮೈಯಲ್ಲಿ ಇನ್ನೂ ಜಾಸ್ತಿ ದಿನ ಉಳಿಯುತ್ತದೆ ಅಂತ ಕೆಲವರು. ಎರಡು ಮಾತಿನಲ್ಲೂ ಹುರುಳಿತ್ತು. ವಾದ ಮಾಡಿ ಬಗೆಹರಿಯುವ ವಿಷಯ ಅಲ್ಲ ಅದು, ಅಲ್ವಾ?

ಆಗ ಆಕ್ಸ್‌ಫರ್ಡ್‌ನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಅವರ ತಂಡ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ‘ರಿಕವರಿ’ ಟ್ರಯಲ್, ಅಂದರೆ ರೋಗಿಗಳನ್ನು ಗುಂಪು ಮಾಡಿ ಚಿಕಿತ್ಸೆಗಳನ್ನು ಹೋಲಿಸಿ ನೋಡುವ ಪ್ರಯೋಗ, ಶುರು ಮಾಡಿತು. ನನಗೆ ಬಹಳ ಹಿಡಿಸಿದ್ದು ಅದರ ಸರಳತನ. ವಾರ್ಡ್ ತುಂಬಿ ತುಳುಕುತ್ತಿರುವಾಗ ಉದ್ದುದ್ದ ಫಾರ್ಮ್ ತುಂಬಲು ಯಾರಿಗೆ ಪುರುಸೊತ್ತು? ಒಪ್ಪಿಗೆ ಪಡೆದು, ಕಂಪ್ಯೂಟರ್‌ನಲ್ಲಿ ಒಂದಿಷ್ಟು ವಿವರ ಹಾಕಿದರೆ ರೋಗಿ ಯಾವ ಚಿಕಿತ್ಸೆಯ ಗುಂಪಿಗೆ ಅಂತ ಅದೇ ಹೇಳುತ್ತಿತ್ತು, ಚೀಟಿ ಎತ್ತಿದ ಹಾಗೆ. ಮುಖ್ಯವಾಗಿ ನೋಡಿದ್ದು ಒಂದೇ: 28 ದಿನದೊಳಗೆ ಎಷ್ಟು ಜನ ತೀರಿಕೊಂಡರು?

ಡೆಕ್ಸಾ ಗುಂಪಿನಲ್ಲಿ 2,104 ಜನ, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 4,321 ಜನ. ಸಾವು ಕ್ರಮವಾಗಿ ಶೇ 22.9 ಮತ್ತು ಶೇ 25.7. ತುಂಬಾ ಜನ ಇಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಾರೆ. ದಯವಿಟ್ಟು ಮುಚ್ಚಬೇಡಿ, ನಿಜವಾದ ವಿಷಯ ಇರುವುದು ಇದರ ಮುಂದೆ.

ವೆಂಟಿಲೇಟರ್ ಮೇಲಿದ್ದವರನ್ನಷ್ಟೇ ನೋಡಿ. ಮಾಮೂಲಿ ಚಿಕಿತ್ಸೆಯಲ್ಲಿ ಶೇ 41.4 ಜನ ತೀರಿಕೊಂಡರು, ಡೆಕ್ಸಾ ಕೊಟ್ಟವರಲ್ಲಿ ಶೇ 29.3. ಅಂದರೆ ನೂರು ಜನರಲ್ಲಿ ಸುಮಾರು 12 ಜೀವ ಉಳಿದವು, ಅದೂ ಎಲ್ಲ ಕಡೆ ಕಡಿಮೆ ಬೆಲೆಗೆ ಸಿಗುವ ಹಳೇ ಔಷಧಿಯಿಂದ. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ ಶೇ 26.2 ಇದ್ದದ್ದು 23.3ಕ್ಕೆ ಇಳಿಯಿತು. ಆಕ್ಸಿಜನ್ನೇ ಬೇಕಿಲ್ಲದವರಲ್ಲಿ? ಮಾಮೂಲಿ ಚಿಕಿತ್ಸೆಯಲ್ಲಿ ಶೇ 14.0, ಡೆಕ್ಸಾದಲ್ಲಿ 17.8. ಈ ಏರಿಕೆ ಆಕಸ್ಮಿಕವೂ ಇರಬಹುದು, ಆದರೆ ಲಾಭ ಅಂತೂ ಕಾಣಲಿಲ್ಲ. ಒಂದು ಮಾತು ಗುರುತು ಹಾಕಿಕೊಳ್ಳಿ: ಹೀಗೆ ಉಸಿರಾಟದ ನೆರವಿನ ಪ್ರಕಾರ ವಿಂಗಡಿಸಿ ನೋಡಬೇಕು ಅಂತ ಅವರು ಮೊದಲೇ ಬರೆದಿಟ್ಟಿದ್ದರು. ಫಲಿತಾಂಶ ಬಂದ ಮೇಲೆ ಹುಡುಕಿ ತೆಗೆದ ಗುಂಪುಗಳಾಗಿದ್ದರೆ ನಾನು ಇಷ್ಟು ನಂಬುತ್ತಿರಲಿಲ್ಲ.

ಯಾಕೆ ಹೀಗೆ? ಮೊದಲ ದಿನಗಳಲ್ಲಿ ವೈರಸ್ಸಿನ ಹಾವಳಿ ಜಾಸ್ತಿ, ಆಗ ನಮ್ಮ ರೋಗನಿರೋಧಕ ಶಕ್ತಿ ಬೇಕೇ ಬೇಕು. ಆಮೇಲೆ ಅದೇ ಶಕ್ತಿ ಮಿತಿಮೀರಿ ಶ್ವಾಸಕೋಶವನ್ನೇ ಹಾಳು ಮಾಡುತ್ತದೆ, ಸ್ಟೀರಾಯ್ಡ್ ಅದನ್ನು ತಡೆಯುತ್ತದೆ. ಲಕ್ಷಣ ಶುರುವಾಗಿ ಏಳು ದಿನ ದಾಟಿದವರಲ್ಲಿ ಲಾಭ ಹೆಚ್ಚು ಕಂಡದ್ದೂ ಇದಕ್ಕೆ ಹೊಂದುತ್ತದೆ.

2021ರ ಎರಡನೇ ಅಲೆಯಲ್ಲಿ ನಮ್ಮಲ್ಲಿ ಎಷ್ಟೋ ಜನ ಆಕ್ಸಿಜನ್ ಮಟ್ಟ ಸರಿಯಿದ್ದರೂ ಜ್ವರ ಬಂದ ಕೂಡಲೇ ಮನೆಯಲ್ಲೇ ಸ್ಟೀರಾಯ್ಡ್ ನುಂಗಿದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಇನ್ನೂ ಏರಿತು. ಕಪ್ಪು ಶಿಲೀಂಧ್ರ ಅಷ್ಟು ಹಬ್ಬಿದ್ದಕ್ಕೆ ಇದೂ ಒಂದು ಕಾರಣ. ಅದಕ್ಕೇ ಕೇಸ್ ಶೀಟ್‌ನಲ್ಲಿ ಡೆಕ್ಸಾ ಅಂತ ಕಂಡರೆ ನಾನು ಮೊದಲು ಹುಡುಕುವುದು ಎರಡು: ಅದು ಕಾಯಿಲೆಯ ಎಷ್ಟನೇ ದಿನ, ಆಕ್ಸಿಜನ್ ರೀಡಿಂಗ್ ಎಷ್ಟು.